ಸಪ್ಪಳ ಮಾಡದ ಬೆಲ್ಟ್

ನಮ್ಮ ಬಡಾವಣೆ ಖೂಬಾ ಪ್ಲಾಟಿನಲ್ಲಿ ಯಾರ ಕಾರು ಗೊರಗೊರ ಅಂದರೂ ಮೊದಲು ಕರೆಯುವುದು ನಮ್ಮ ಪಕ್ಕದ ಮನೆಯ ಅಮರನಾಥರನ್ನು. ಕಸುಬಿನಿಂದ ತೊಗರಿ ದಲಾಲಿ, ಕಿವಿಯಿಂದ ಇಂಜಿನ್ ಪಂಡಿತರು. ಅವರು ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಬಾಗಿದರೆಂದರೆ ಓಣಿಯಲ್ಲಿ ಯಾರೂ ಕೆಮ್ಮುವಂತಿಲ್ಲ. "ಬೇರಿಂಗ್" ಎನ್ನುತ್ತಾರೆ. ಬೇರಿಂಗ್ ಬದಲಿಸಿದ ಮೇಲೂ ಸಪ್ಪಳ ಉಳಿದರೆ ಅದು ಕಾರಿನ ಹಟ, ಅವರ ತಪ್ಪಲ್ಲ.

ತಮ್ಮ ಹಳೆಯ ಡೀಸೆಲ್ ಕಾರನ್ನು ಪ್ರತಿ ಅಮಾವಾಸ್ಯೆಗೆ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಮುಂದೆ ಸರಿಸುತ್ತಾರೆ. ಇದನ್ನೇ ಸರ್ವಿಸಿಂಗ್ ಎಂದು ನಂಬಿದ್ದಾರೆ. ಹೆಂಡತಿ ಶೀಲಾ ಆರತಿ ಹಿಡಿದು ನಿಲ್ಲುತ್ತಾಳೆ. ಆಕೆಯ ಹುಟ್ಟಿದ ದಿನ ಯಾವುದೆಂದು ಕೇಳಿದರೆ ಮಾತ್ರ ಪಂಡಿತರು ತಲೆ ಕೆರೆದುಕೊಳ್ಳುತ್ತಾರೆ.

ಹೋದ ತಿಂಗಳು ಶೀಲಾಗೆ ಕಮಲಾಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಕೆಲಸ ಸಿಕ್ಕಿತು. ಸೋಮವಾರ ಸಂಜೆ ಐದರೊಳಗೆ ಹಾಜರಾಗದಿದ್ದರೆ ಕೆಲಸ ಮತ್ತೊಬ್ಬರ ಪಾಲು. ಹಿಂದೊಮ್ಮೆ ಹೀಗೇ ಬಂದಿದ್ದ ಕೆಲಸ, ಕಾರು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕೂತಿದ್ದರಿಂದ ಕೈತಪ್ಪಿತ್ತು. ಅದಕ್ಕೇ ಈ ಸಲ "ಬಸ್ಸಿಗೆ ಹೋಗ್ತೀನ್ರೀ" ಎಂದಳು.

"ಮನ್ಯಾಗ ಗಾಡಿ ಇಟ್ಕೊಂಡು ನಮ್ಮ ಮನಿ ಹೆಣ್ಮಗಳು ಬಸ್ಸಿನಾಗ ಹೋದ್ರ ಮಂದಿ ಏನಂದಾರು? ದಿನಾ ನಾನೇ ಬಿಡ್ತೀನಿ, ನಾನೇ ಕರ್ಕೊಂಡು ಬರ್ತೀನಿ. ಒಪ್ಪಿದ್ರ ಕೆಲಸಕ್ಕ ಹೋಗು."

ಶೀಲಾ ಸುಮ್ಮನಾದಳು. ಅವಳು ಹಾಗೆ ಸುಮ್ಮನಾದಾಗಲೆಲ್ಲ ನನಗೆ ಮೈಯುರಿಯುತ್ತದೆ.

ಸೋಮವಾರದ ತಯಾರಿಗೆಂದು ಕಾರನ್ನು ನಂದೂರಿನ ಗ್ಯಾರೇಜಿಗೆ ಒಯ್ದಾಗ ಶೀಲಾ, ನಾನು ಇಬ್ಬರೂ ಹಿಂದೆ ಕೂತಿದ್ದೆವು. ಮಿಸ್ತ್ರಿ ಮಹಾದೇವಪ್ಪ ಗಿರಾಕಿ ಹೇಳಿದ ರೋಗಕ್ಕೇ ಮದ್ದು ಕೊಡುವ ಜಾಣ. ಅಮರನಾಥರು ಕೇಳಿಸಿತೆಂದ ಸಪ್ಪಳಕ್ಕೆಲ್ಲ ಒಂದೊಂದು ಸಾಮಾನು ಬದಲಿಸಿದ. ಸೈಲೆನ್ಸರ್ ಹೊಸದಾಯಿತು, ಬಾಗಿಲಿನ ರಬ್ಬರು ಕೂಡ. ಕೊನೆಗೆ ಬಾಯಿತಪ್ಪಿ ಒಂದು ಮಾತಂದ.

"ಟೈಮಿಂಗ್ ಬೆಲ್ಟೂ ಹಾಕಿಬಿಡೋಣ್ರೀ ಸಾವಕಾರ್ರ. ಗಾಡಿ ಭಾಳ ಓಡ್ಯದ. ಅದು ಹರೀತಂದ್ರ ಇಂಜಿನ್ನೇ ಕೂತುಬಿಡ್ತದ."

"ಅದು ಸಪ್ಪಳ ಮಾಡ್ತದೇನು?"

"ಇಲ್ರೀ."

"ಮತ್ತ ಸುಮ್ಮನ ಇದ್ದದ್ದನ್ನ ಯಾಕ ಬಿಚ್ಚತಿ? ತ್ರಾಸ ಇದ್ದದ್ದು ಬಾಯಿ ಬಿಡ್ತದ."

"ಖರೇ ಮಾತ್ರೀ" ಎಂದು ಮಹಾದೇವಪ್ಪ ಬಾನೆಟ್ ಮುಚ್ಚಿದ.

"ಹಾಕಿಸಿಬಿಡ್ರೀ" ಎಂದು ಶೀಲಾ ಅಂದದ್ದು ನನಗೆ ಕೇಳಿಸಿತು. ಪಂಡಿತರು ಹಾರ್ನ್ ಪರೀಕ್ಷಿಸುತ್ತಿದ್ದರು.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಅವಳಿಗೆ ಧೈರ್ಯಕ್ಕಿರಲೆಂದು ನಾನೂ ಹತ್ತಿದೆ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಅಮರನಾಥರು ನನಗೆ, "ಕೇಳ್ರಿ ಬಾಯಾರ, ಗಾಡಿ ಹೆಂಗ ತಣ್ಣಗ ಓಡಾಕತ್ತದ" ಎನ್ನುತ್ತಿದ್ದರು. ಬಾನೆಟ್ಟಿನೊಳಗೆ ಏನೋ ಟಪ್ ಎಂದಿತು, ಇಂಜಿನ್ ನಿಂತಿತು. ಕಾರು ತಾನಾಗಿ ಉರುಳಿ ಬೇವಿನ ಮರದ ಕೆಳಗೆ ಹೋಗಿ ನಿಂತಿತು. ಚಾವಿ ತಿರುಗಿಸಿದರೆ ಹಗುರವಾಗಿ ಗಿರಗಿರ ಅನ್ನುತ್ತದೆ, ಚಾಲೂ ಆಗುವುದಿಲ್ಲ.

ಬಾನೆಟ್ ಎತ್ತಿದ್ದೇ ತಡ, ಜನ ಸೇರಿತು. ಬೈಕಿನವನು ಬ್ಯಾಟರಿ ಎಂದ. ಟ್ರ್ಯಾಕ್ಟರಿನವನು ಡೀಸೆಲ್ಲಿಗೆ ನೀರು ಸೇರಿದೆ ಎಂದ. ದನ ಕಾಯುವ ಮುದುಕ ದೃಷ್ಟಿಯಾಗಿದೆ ಎಂದ. ಇಷ್ಟು ಜನ ವಿದ್ವಾಂಸರು ಒಟ್ಟಿಗೆ ಸಿಕ್ಕ ಖುಷಿಗೆ ಅಮರನಾಥರ ಮುಖ ಅರಳಿಹೋಯಿತು.

"ರೀ, ತಡಾ ಆಗಾಕತ್ತದ. ನಾ ಬಸ್ಸಿಗೆ ಹೋಗ್ತೀನಿ" ಎಂದಳು ಶೀಲಾ.

"ಹಾಂ ಹಾಂ, ನಿಂದರು" ಎಂದರು ಬಾನೆಟ್ಟಿನೊಳಗಿಂದಲೇ. ಇನ್ನೊಮ್ಮೆ ಅಂದಳು. ಈ ಸಲ ಹಾಂ ಕೂಡ ಬರಲಿಲ್ಲ.

ಅಷ್ಟರಲ್ಲಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಕಾಣಿಸಿತು. ಶೀಲಾ ರಸ್ತೆಗೆ ಇಳಿದು, ಎರಡೂ ಕೈಯೆತ್ತಿ, "ಏ, ನಿಂದ್ರಸ್ರೀ!" ಎಂದು ಕೂಗಿದಳು. ದನಗಳು ಬೆದರಿ ಓಡಿದವು. ಬಸ್ಸು ಕಿರ್ ಎಂದು ನಿಂತಿತು. ಅಮರನಾಥರು ಗಾಬರಿಯಿಂದ ತಲೆಯೆತ್ತಲು ಹೋಗಿ ಬಾನೆಟ್ಟಿಗೆ ಬಡಿದುಕೊಂಡರು.

"ಯಾರ್ರೀ ಅದು ಒದರಿದ್ದು?"

"ನಿಮ್ಮ ಹೆಂಡ್ತಿ" ಎಂದೆ. ಅವಳನ್ನು ಹತ್ತಿಸಿಕೊಂಡು ಬಸ್ಸು ಹೋಗಿಯಾಗಿತ್ತು.

ಫೋನ್ ಮಾಡಿದ ಮೇಲೆ ಮಹಾದೇವಪ್ಪ ಕಾರು ಎಳೆಯುವ ಗಾಡಿ ತಂದು, ಒಳಗೆ ಇಣುಕಿ, "ಬೆಲ್ಟ್ ಹರಿದದ್ರೀ. ವಾಲ್ವ್ ಎಲ್ಲಾ ಸೊಟ್ಟ ಆಗಿರ್ತಾವ" ಎಂದ. "ನಾನೂ ಅದನ್ನೇ ಹೇಳಾಕತ್ತಿದ್ದೆ" ಎಂದರು ಅಮರನಾಥರು. "ಖರೇ ಮಾತ್ರೀ" ಎಂದ ಮಹಾದೇವಪ್ಪ.

ಆಗಲೇ ಅಮರನಾಥರಿಗೆ ಶೀಲಾಳ ಫೋನ್ ಬಂತು. ಲಾರಿಗಳ ಗದ್ದಲಕ್ಕೆ ಸ್ಪೀಕರ್ ಹಾಕಿದರು.

"ಹಾಜರಾದೆ ರೀ, ವ್ಯಾಳ್ಯಾಕ್ಕ ಸರಿಯಾಗಿ ಬಂದೀನಿ. ವಾರ್ಡನ್ನಿಗಂತ ಇಲ್ಲೇ ಖೋಲಿ ಅದ, ಕೀಲಿಕೈ ತಗೊಂಡೀನಿ. ಇನ್ಮ್ಯಾಲೆ ಇಲ್ಲೇ ಇರ್ತೀನಿ."

"ಅಲ್ಲೇ ಅಂದ್ರ? ದಿನಾ ನಾ ಬಿಡ್ತೀನಿ ಅಂದಿದ್ನಲ್ಲ! ಗಾಡಿ ರಿಪೇರಿ ಆಗೂ ತನಕ—"

"ಬ್ಯಾಡ."

ಫೋನ್ ಕಟ್ಟಾಯಿತು. ಅಮರನಾಥರು ರಸ್ತೆಯ ಅಂಚಿನಲ್ಲೇ ಕೂತರು. ಮೊದಲ ಸಲ ಅವರ ಮೇಲೆ ಕನಿಕರ ಬಂತು, ಸುಳ್ಳೇಕೆ ಹೇಳಲಿ.

"ಒಂದಿನಾನೂ ಏನೂ ಅಂದಾಕಿ ಅಲ್ರೀ ಬಾಯಾರ. ಒಮ್ಮಿಗೇ ಏನಾತ್ರೀ ಆಕಿಗೆ?"

"ದಿನಾ ಅಂತಿದ್ಳು" ಎಂದೆ. "ನಮ್ಮ ಮನಿ ಗ್ವಾಡಿ ಆಚೆ ನನಗ ಕೇಳಸ್ತಿತ್ತು."