ಮೂವತ್ತಾರು ಟಿಕ್ಕುಗಳು

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನಮ್ಮ ಹೊಸ ಟೀಚರೂ ಮೊದಲ ವಾರ ಹಾಗೆಯೇ ಇದ್ದಳು. ಒಂದನೇ ತರಗತಿಯ ಮೂವತ್ತಾರು ಮಕ್ಕಳ ಹೆಸರನ್ನೂ ಕೂಗಿ, ತಲೆ ಎತ್ತಿ ಮುಖ ನೋಡಿ, ಆಮೇಲೆ ಹಾಜರಿ ಪುಸ್ತಕದಲ್ಲಿ ಟಿಕ್ ಹಾಕುತ್ತಿದ್ದಳು. ಅಷ್ಟರಲ್ಲಿ ಅರ್ಧ ಪೀರಿಯಡ್ ಮುಗಿದು ಹಿಂದಿನ ಬೆಂಚಿನಲ್ಲಿ ಎರಡು ಜಗಳ ಹುಟ್ಟಿರುತ್ತಿದ್ದವು. ಪಕ್ಕದ ತರಗತಿಯ ಹಿರಿಯ ಟೀಚರಿಗೆ ಇಪ್ಪತ್ತೆರಡು ವರ್ಷದ ಅನುಭವ. ಅವರು ನಕ್ಕು ಉಪಾಯ ಹೇಳಿಕೊಟ್ಟರು: ಮೊದಲು ಪೆನ್ಸಿಲಿನಲ್ಲಿ ಎಲ್ಲರಿಗೂ ಟಿಕ್ ಹಾಕಿಬಿಡುವುದು, ಆಮೇಲೆ ಬಾರದವರದ್ದನ್ನು ಅಳಿಸುವುದು. ಎರಡು ನಿಮಿಷದ ಕೆಲಸ.

ಉಪಾಯವೇನೋ ಚೆನ್ನಾಗಿತ್ತು, ಅಳಿಸಲು ನೆನಪಿದ್ದರೆ. ಟಿಕ್ ಇಲ್ಲದ ಮಗುವಿನ ಮನೆಗೆ ಒಂಬತ್ತೂವರೆಯೊಳಗೆ ಫೋನ್ ಮಾಡುವುದು ಆ ಶಾಲೆಯ ಪದ್ಧತಿ. ಟಿಕ್ ಇದ್ದರೆ ಯಾರೂ ವಿಚಾರಿಸುವುದಿಲ್ಲ.

ಮೂರನೇ ವಾರದ ಮಂಗಳವಾರ ಟಿಕ್ ಹಾಕಿ ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳ ಮೂಗಿನಿಂದ ರಕ್ತ ಸೋರತೊಡಗಿತು. ಅವಳನ್ನು ಬಗ್ಗಿಸಿ ಕೂರಿಸಿ, ರಕ್ತ ಕಂಡು ಅಳತೊಡಗಿದ ನಾಲ್ವರನ್ನು ರಮಿಸಿ, ನೆಲ ಒರೆಸಿ ಏಳುವ ಹೊತ್ತಿಗೆ ಹಾಜರಿ ಪುಸ್ತಕ ಆಫೀಸಿಗೆ ಹೋಗಿತ್ತು. ಹೋದರೆ ಹೋಗಲಿ, ಎಲ್ಲರೂ ಬಂದಿರಬೇಕು ಅಂದುಕೊಂಡಳು. ಈ 'ಇರಬೇಕು' ಇದೆಯಲ್ಲ, ಮನೆ ಮುರಿಯುವುದಕ್ಕೆ ಅದೊಂದೇ ಸಾಕು.

ಹನ್ನೊಂದಕ್ಕೆ ಬೆಂಕಿ ಕವಾಯತಿನ ಗಂಟೆ ಹೊಡೆಯಿತು. ಬೆಂಕಿ ಬಿದ್ದರೆ ಹೇಗೆ ಹೊರಗೆ ಬರಬೇಕು ಎಂಬ ಅಭ್ಯಾಸ ಅಷ್ಟೇ. ಮಕ್ಕಳು ಸಾಲಾಗಿ ಮೂರು ಮಹಡಿ ಇಳಿದು ಅಂಗಳಕ್ಕೆ ಬಂದರು. ಮುಖ್ಯೋಪಾಧ್ಯಾಯಿನಿ ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಹೊಸ ಟೀಚರು ತಲೆ ಎಣಿಸಿದಳು. ಮೂವತ್ತೈದು. ಮತ್ತೆ ಎಣಿಸಿದಳು. ಮೂವತ್ತೈದೇ. ಆಫೀಸಿನವರು ತಂದ ಹಾಜರಿ ಪುಸ್ತಕದಲ್ಲಿ ಮೂವತ್ತಾರು ಟಿಕ್ಕುಗಳು ನೆಟ್ಟಗೆ ನಿಂತಿದ್ದವು.

ಹೆಸರು ಕೂಗುತ್ತ ಬಂದಾಗ ಇಪ್ಪತ್ತೊಂದನೆಯದಕ್ಕೆ ಉತ್ತರ ಬರಲಿಲ್ಲ. ಎರಡು ಜಡೆಯ ಹುಡುಗಿ. ಗಲಾಟೆ ಇಲ್ಲ, ದೂರಿಲ್ಲ, ಕೇಳಿದರಷ್ಟೇ ಮಾತು. ಟೀಚರು ಬೆಳಿಗ್ಗೆಯನ್ನು ನೆನಪಿಸಿಕೊಳ್ಳಲು ನೋಡಿದಳು. ನಿನ್ನೆ ಆ ಮಗು ಕೂತಿದ್ದ ಜಾಗ ಕಣ್ಣಿಗೆ ಕಟ್ಟಿತು, ಇವತ್ತಿನದು ಮಾತ್ರ ಏನು ಮಾಡಿದರೂ ಬರಲಿಲ್ಲ. ಮಕ್ಕಳನ್ನು ಕೇಳಿದರೆ ಮೂವರು ಬಂದಿದ್ದಳು ಅಂದರು, ಇಬ್ಬರು ಬಂದಿಲ್ಲ ಅಂದರು, ಒಬ್ಬಳು ತನ್ನ ಹಲ್ಲು ಅಲ್ಲಾಡುತ್ತಿದೆ ಅಂದಳು.

ಹಿರಿಯ ಟೀಚರು ಹತ್ತಿರ ಬಂದು ತಮ್ಮ ರಬ್ಬರನ್ನು ಅವಳ ಅಂಗೈಗೆ ತುರುಕಿದರು.

"ಅವಳು ಬಂದಿರಲಿಕ್ಕಿಲ್ಲ ಬಿಡು. ಅಳಿಸಿಬಿಡು. ಆರು ತಿಂಗಳು ಕಳೆಯೋ ತನಕ ನಿನ್ನ ಕೆಲಸ ಗಟ್ಟಿಯಿಲ್ಲ, ನೆನಪಿರಲಿ."

ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಕೆಲಸ ಸಿಕ್ಕ ದಿನ ಅಪ್ಪ ಬೀದಿಯವರಿಗೆಲ್ಲ ಹೇಳಿಕೊಂಡು ಬಂದದ್ದು ಅವಳಿಗೆ ನೆನಪಾಯಿತು. ಅಳಿಸಿದರೆ ಲೆಕ್ಕ ಸರಿಹೋಗುತ್ತದೆ, ಎಲ್ಲರೂ ತರಗತಿಗೆ ಹೋಗುತ್ತಾರೆ. ಆದರೆ ಮಗು ಒಳಗೇ ಇದ್ದರೆ? ಅವಳಿಗೆ ಭಯವಾಯಿತು, ತನ್ನ ಮೇಲೆ ಅಸಹ್ಯವೂ ಆಯಿತು. ರಬ್ಬರನ್ನು ವಾಪಸು ಕೊಟ್ಟು ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋದಳು.

"ಮೇಡಂ, ಈ ಮಗು ಇವತ್ತು ಬಂದಿದ್ದಾಳೋ ಇಲ್ವೋ ನನಗೆ ಗೊತ್ತಿಲ್ಲ. ಮುಖ ನೋಡದೆ ಟಿಕ್ ಹಾಕಿದ್ದೀನಿ."

ಅವರು ಬೈಯಲಿಲ್ಲ. ಗಡಿಯಾರ ನಿಲ್ಲಿಸಿ ಮಗುವಿನ ತಾಯಿಗೆ ಫೋನ್ ಮಾಡಿದರು. ಎಂಟೂವರೆಗೆ ತಾನೇ ಗೇಟಿನೊಳಗೆ ಬಿಟ್ಟು ಹೋದೆನೆಂದು ತಾಯಿ ಹೇಳಿದಳು. ಆಮೇಲಿನ ಹತ್ತು ನಿಮಿಷ ಟೀಚರಿಗೆ ಹತ್ತು ವರ್ಷ. ಒಂದೊಂದೇ ಕೋಣೆ, ಬೆಂಚಿನ ಕೆಳಗೆ, ಪರದೆಯ ಹಿಂದೆ, ನೀರಿನ ತೊಟ್ಟಿಯ ಮುಚ್ಚಳ ತೆಗೆದೂ ನೋಡಿದರು. ಎರಡನೇ ಮಹಡಿಯಲ್ಲಿ, ಬೀಗ ಹಾಕಿದ್ದ ಡ್ರಾಯಿಂಗ್ ಕೋಣೆಯ ಆಚೆ ಯಾರೂ ಹೋಗದ ಶೌಚಾಲಯವೊಂದಿತ್ತು. ಅದರ ಮುಂದೆ ಟೀಚರು ಉಸಿರು ಹಿಡಿದು ನಿಂತಾಗ ಬೆರಳಿನಿಂದ ಬಡಿದಂಥ ಸದ್ದು ಕೇಳಿಸಿತು.

ಚಿಲಕ ಕಚ್ಚಿಕೊಂಡುಬಿಟ್ಟಿತ್ತು. ವಾಚ್‌ಮನ್ ಬಾಗಿಲು ಮೀಟಿ ತೆಗೆದ. ಹುಡುಗಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತರಗತಿಗೆ ಬರುವ ಮೊದಲೇ ಇಲ್ಲಿಗೆ ನುಗ್ಗಿ ಸಿಕ್ಕಿಕೊಂಡಿದ್ದಳು. ಅತ್ತು ಅತ್ತು ಮುಖ ಊದಿತ್ತು. ಜೋರಾಗಿ ಬಡೀಬಾರದಿತ್ತಾ ಕಂದಾ ಎಂದು ಟೀಚರು ಕೇಳಿದಳು.

"ಕ್ಲಾಸ್ ನಡೀತಿರುವಾಗ ಸದ್ದು ಮಾಡಬಾರದು ಅಂದಿದ್ರಲ್ಲ ಮಿಸ್. ಅದಕ್ಕೇ ಮೆಲ್ಲಗೆ ಬಡಿದೆ."

ತಾಯಿ ಹೊಲಿಗೆ ಕಾರ್ಖಾನೆಯಿಂದ ಓಡಿ ಬಂದಳು, ಬಟ್ಟೆಯ ತುಂಬ ದಾರದ ಚೂರು. ಚಿಲಕ ಹಾಳಾಗಿತ್ತು, ಇವತ್ತೇ ಸರಿಮಾಡಿಸುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ಸಮಾಧಾನ ಹೇಳಿದರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಹೊಸ ಟೀಚರು ಮುಂದೆ ಬಂದು ಟಿಕ್ಕಿನ ವಿಷಯವನ್ನೂ, ಅದರಿಂದಾಗಿ ಒಂಬತ್ತೂವರೆಗೆ ಹೋಗಬೇಕಿದ್ದ ಫೋನ್ ಹೋಗದೇ ಉಳಿದದ್ದನ್ನೂ ಒಂದೂ ಬಿಡದೆ ಹೇಳಿದಳು.

ತಾಯಿ ಎಲ್ಲ ಕೇಳಿಸಿಕೊಂಡಳು.

"ಹನ್ನೊಂದು ಗಂಟೆ ತನಕ ಇವಳು ಕ್ಲಾಸಲ್ಲಿಲ್ಲ ಅಂತ ನಿಮಗೆ ಗೊತ್ತೇ ಆಗಲಿಲ್ವಾ?"

"ಇಲ್ಲಮ್ಮ. ಗೊತ್ತಾಗಲಿಲ್ಲ."

ತಾಯಿ ಮಗಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಸಿಟ್ಟಿನಿಂದ ಏನಾದರೂ ಅಂದಿದ್ದರೆ ಟೀಚರಿಗೆ ಹಗುರವಾಗುತ್ತಿತ್ತು.

"ಮನೇಲಿ ದಿನಾ ನಿಮ್ಮದೇ ಮಾತು ಇವಳದು," ಅಂದಳು. "ನಮ್ಮ ಮಿಸ್ ಹೀಗಂದ್ರು, ನಮ್ಮ ಮಿಸ್ ಹಾಗಂದ್ರು ಅಂತ."