ಎಲೆಗೆ ಅಡ್ಡ ಇಟ್ಟ ಕೈ

ಸಿರುಗುಪ್ಪದ ಭತ್ತದ ವ್ಯಾಪಾರಿ ಚಿದಾನಂದಪ್ಪನಿಗೆ ಶುಗರ್ ಬಂದಿದೆ ಎಂದು ಬಳ್ಳಾರಿಯ ಡಾಕ್ಟರಮ್ಮ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ ಕಣ್ಣಿನದಲ್ಲ, ಕಾಲಿನದಲ್ಲ, ಕಿಡ್ನಿಯದೂ ಅಲ್ಲ. "ಇದು ಯಾರಿಗೂ ಗೊತ್ತಾಗಂಗಿಲ್ಲಲ್ರಿ?" ಎಂದು ಕೇಳಿದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸಾವಂತ್ರಮ್ಮನಿಗೆ ಅಲ್ಲೇ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಮಗಳು ಗಂಗೋತ್ರಿಗೆ ಕುರುಗೋಡಿನಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಅಮರೇಶ್ ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಮನೆಗೆ ಮಾತ್ರೆ ಬಂದರೆ ಮೆಡಿಕಲ್ ಶಾಪಿನವನ ಬಾಯಿಗೆ ಬೀಳುತ್ತದೆ, ಅವನ ಬಾಯಿಂದ ಕುರುಗೋಡಿಗೆ ಹೋಗುತ್ತದೆ, ಶುಗರ್ ಮನೆತನದ ಹುಡುಗಿ ಬೇಡ ಅನ್ನುತ್ತಾರೆ. ಇದು ಚಿದಾನಂದಪ್ಪನ ಲೆಕ್ಕಾಚಾರ. ಸಾಯುವುದಕ್ಕೆ ಹೆದರದ ಗಂಡಸು ಬೀಗರ ಬಾಯಿಗೆ ಹೆದರಿದ್ದ.

"ಇನ್ನೂ ಶುರುವಿನಾಗ ಐತಿ," ಎಂದರು ಡಾಕ್ಟರಮ್ಮ. "ಮೂರು ತಿಂಗಳು ಊಟ ತಿದ್ದಿಕೊಳ್ರಿ, ದಿನಾ ನಡೀರಿ. ಇಳಿದ್ರ ಚಲೋ. ಇಳೀಲಿಲ್ಲಂದ್ರ ಮಾತ್ರಿ ತಗೋಬೇಕು. ಅದರಾಗ ನಾಚಿಕಿ ಪಡೋದೇನಿಲ್ಲ."

ಕೊನೆಯ ಮಾತು ಚಿದಾನಂದಪ್ಪನ ಕಿವಿಗೆ ಬೀಳಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವಷ್ಟರಲ್ಲಿ ಅವನೇ ಅರ್ಧ ಡಾಕ್ಟರಾಗಿದ್ದ. "ಊಟ ಬಲ್ಲವನಿಗೆ ರೋಗ ಇಲ್ಲ ಅಂತ ಹಿರಿಯರು ಸುಮ್ಮನ ಅಂದಾರೇನು?" ಎಂದು ಹೆಂಡತಿಗೇ ಬುದ್ಧಿ ಹೇಳಿದ.

ಅವನ ಊಟದ ಬಲ್ಲತನ ಹೀಗಿತ್ತು. ಡಾಕ್ಟರಮ್ಮ ಅನ್ನ ಕಡಿಮೆ ಮಾಡು ಅಂದರೇ ಹೊರತು ರೊಟ್ಟಿಯ ಸುದ್ದಿ ಎತ್ತಲಿಲ್ಲ. ಆದ್ದರಿಂದ ಎರಡು ರೊಟ್ಟಿಯ ಜಾಗದಲ್ಲಿ ಐದು. ಸಕ್ಕರೆ ಬಿಡು ಅಂದರು. ಆದ್ದರಿಂದ ಚಹಾಕ್ಕೆ ಬೆಲ್ಲ, ಅದೂ ಎರಡು ಅಚ್ಚು, ಬೆಲ್ಲ ರಕ್ತಕ್ಕೆ ಒಳ್ಳೆಯದಂತೆ. ಬೆಳಿಗ್ಗೆ ಎದ್ದು ಹಾಗಲಕಾಯಿ ರಸವನ್ನು ಮುಖ ಕಿವುಚಿ ಕುಡಿದು, ಲೋಕಕ್ಕೇ ಉಪಕಾರ ಮಾಡಿದವನ ಗತ್ತಿನಲ್ಲಿ ಕಾಲುವೆ ಕಡೆ ವಾಕಿಂಗ್ ಹೊರಡುತ್ತಿದ್ದ. ಆ ವಾಕಿಂಗ್ ಮಿರ್ಚಿ ಅಂಗಡಿಯ ಬೆಂಚಿನ ತನಕ ಮಾತ್ರ. ಅಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಖಾರದಲ್ಲಿ ಶುಗರ್ ಎಲ್ಲಿಂದ ಬರಬೇಕು? ಸೋಮವಾರ ಒಪ್ಪತ್ತು ಬೇರೆ. ಆ ದಿನ ಸಾಬೂದಾಣಿ ಖಿಚಡಿ, ಬಾಳೆಹಣ್ಣು. ದೇವರ ಹೆಸರಿನಲ್ಲಿ ತಿಂದದ್ದನ್ನು ರಕ್ತ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರೋ.

ಸಾವಂತ್ರಮ್ಮ ಮೊದಲು ನಕ್ಕಳು. ಆಮೇಲೆ ನಗು ಬರಲಿಲ್ಲ. ಹಚ್ಚೊಳ್ಳಿಯಲ್ಲಿದ್ದ ಅವಳ ಅಣ್ಣ ತಿಪ್ಪೇಸ್ವಾಮಿಯೂ ಹೀಗೇ ಶುಗರನ್ನು ಗೇಲಿ ಮಾಡಿಕೊಂಡು ಹೋಳಿಗೆ ಹೊಡೆದವನು. ಗದ್ದೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಮೊದಲು ಬೆರಳು ಹೋದವು, ಆಮೇಲೆ ಪಾದ, ಕಡೆಗೆ ಅಣ್ಣನೇ ಹೋದ. ಗಂಡನ ಮೇಲೆ ಅವಳಿಗೆ ಎಷ್ಟು ತಾತ್ಸಾರವಿತ್ತೋ ಅಷ್ಟೇ ಭಯವೂ ಇತ್ತು. ಭಯವಿದ್ದದ್ದಕ್ಕೇ ಬೈಗುಳ ಜಾಸ್ತಿಯಾಗಿತ್ತು.

ಒಂದು ದಿನ ಮಿರ್ಚಿ ಅಂಗಡಿಯ ಬೆಂಚಿಗೇ ಹೋಗಿ ಅವನ ಪಕ್ಕ ಕೂತಳು. ಅಲ್ಲಿದ್ದವರೆಲ್ಲ ಎದ್ದು ನಿಂತರು. "ಏಳ್ರಿ," ಎಂದಳು, ಅಷ್ಟೇ. ಅಂದಿನಿಂದ ಕಾಲುವೆ ದಂಡೆಯ ಮೇಲೆ ಅವನ ಹಿಂದೆಯೇ ನಡೆದಳು. ತಟ್ಟೆಯ ಅರ್ಧ ತುಂಬ ಪಲ್ಯ, ಮೆಂತ್ಯ ಸೊಪ್ಪು, ಸೌತೆಕಾಯಿ, ಒಂದು ಮೂಲೆಗೆ ಕಾಳು, ಒಂದೇ ರೊಟ್ಟಿ, ಅನ್ನ ಒಂದು ಹಿಡಿ. ಚಹಾಕ್ಕೆ ಬೆಲ್ಲವೂ ಇಲ್ಲ. ಸೋನಾ ಮಸೂರಿ ಮಾರುವವನ ಮನೆಯಲ್ಲಿ ಹಿಡಿ ಅನ್ನವೇ ಎಂದು ಚಿದಾನಂದಪ್ಪ ಗೋಳಾಡಿದ. "ಮಾರೋದನ್ನೆಲ್ಲಾ ತಿನ್ನಬೇಕಂತಿದ್ರ ಗೊಬ್ಬರದಂಗಡಿಯವ್ರು ಏನು ತಿನ್ನಬೇಕ್ರಿ?" ಎಂದಳು ಸಾವಂತ್ರಮ್ಮ.

ಗಂಗೋತ್ರಿ ತಂದಿಟ್ಟ ಮೀಟರಿನಲ್ಲಿ ಬೆರಳು ಚುಚ್ಚಿ ನೋಡುತ್ತಿದ್ದರು. ಅಂಕಿ ಇಳಿಯತೊಡಗಿತು. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಅವನ ಹೊಟ್ಟೆ ಕರಗಿ ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು. ಎಲ್ಲ ತನ್ನದೇ ಮನೋಬಲ ಎಂದು ಚಿದಾನಂದಪ್ಪ ಕನ್ನಡಿಯ ಮುಂದೆ ನಿಂತು ಹೊಟ್ಟೆ ಸವರಿಕೊಂಡ. ಬರುವ ಸೋಮವಾರ ಬಳ್ಳಾರಿಗೆ ಹೋಗಿ ಡಾಕ್ಟರಮ್ಮನಿಗೆ ರಕ್ತ ಕೊಡುವುದೊಂದು ಬಾಕಿ ಇತ್ತು.

ಅದರ ಹಿಂದಿನ ಶುಕ್ರವಾರವೇ ಕುರುಗೋಡಿನಿಂದ ಕರೆ ಬಂತು: ಭಾನುವಾರ ಮನೆ ನೋಡುವ ಶಾಸ್ತ್ರಕ್ಕೆ ಬನ್ನಿ.

ಈ ಕಡೆಯ ಬೀಗರ ಊಟ ಗೊತ್ತಿದ್ದವರಿಗೆ ಗೊತ್ತು. ಅದು ಊಟವಲ್ಲ, ಪರೀಕ್ಷೆ. ಯಜಮಾನನೇ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ತಂದು ಬೀಗರ ಬಾಯಿಗೆ ಇಡುತ್ತಾನೆ. ಒಲ್ಲೆ ಎಂದರೆ ಸಂಬಂಧವನ್ನೇ ಒಲ್ಲೆ ಎಂದ ಹಾಗೆ. ಎಲೆಗೆ ಕೈ ಅಡ್ಡ ಇಟ್ಟರೆ ಕೈ ಮೇಲೇ ತುಪ್ಪ ಸುರಿಯುತ್ತಾರೆ. ಅದಕ್ಕೆ ಪ್ರೀತಿ ಎಂದು ಹೆಸರು.

"ಒಂದಿನಕ್ಕೇನಾಗಂಗಿಲ್ಲ," ಎಂದ ಚಿದಾನಂದಪ್ಪ ಕಾರಿನಲ್ಲಿ.

"ನಮ್ಮಣ್ಣನೂ ದಿನಾ ಇದನ್ನ ಅಂತಿದ್ದ," ಎಂದಳು ಸಾವಂತ್ರಮ್ಮ.

"ನೀ ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ. ಮಗಳ ಬಾಳು ಐತಿ."

ಮಗಳ ಮಾತು ಬಂದರೆ ಸಾವಂತ್ರಮ್ಮನ ಬಾಯಿಗೂ ಬೀಗ ಬೀಳುತ್ತಿತ್ತು.

ಕುರುಗೋಡಿನಲ್ಲಿ ಹುಡುಗನ ಅಪ್ಪ ಉಜ್ಜಿನಪ್ಪ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದ. ಹೊರಗೆ ಕಲ್ಲು ಕಾಯುವ ಬಿಸಿಲು. ಆದರೂ ಬಿಳಿ ಪಂಚೆಯ ಕೆಳಗೆ ಅವನು ದಪ್ಪ ಕಾಲುಚೀಲ ಹಾಕಿದ್ದ. ಇದೆಂಥ ಶೋಕಿ ಎಂದು ಸಾವಂತ್ರಮ್ಮ ಮನಸ್ಸಿನಲ್ಲೇ ಮೂಗು ಮುರಿದಳು. ಅವನ ಹೆಂಡತಿ ಚನ್ನವೀರಮ್ಮ ನೀರು ಕೊಟ್ಟಳು, ಮನೆ ತೋರಿಸಿದಳು, ಹೆಚ್ಚು ಮಾತಾಡಲಿಲ್ಲ.

ಎಲೆ ಹಾಕಿದರು. ಹೋಳಿಗೆ ಬಂತು. ಉಜ್ಜಿನಪ್ಪ ಒಂದನ್ನು ಮಡಚಿ, ತುಪ್ಪ ತೊಟ್ಟಿಕ್ಕಿಸುತ್ತ ಬಂದು ಚಿದಾನಂದಪ್ಪನ ಎದುರು ಕುಕ್ಕರಗಾಲಲ್ಲಿ ಕೂತ. "ಬೀಗ್ರ, ಬಾಯಿ ತಗೀರಿ."

ಮೂರು ತಿಂಗಳ ಮನೋಬಲ ಒಂದೇ ಮಾತಿಗೆ ಬಾಯಿ ತೆರೆಯಿತು.

ಸಾವಂತ್ರಮ್ಮನಿಗೆ ಕಂಡದ್ದು ಆ ಬಾಯಲ್ಲ. ಕೂತ ಉಜ್ಜಿನಪ್ಪನ ಬಲಗಾಲು. ಕಾಲುಚೀಲದ ತುದಿ ತುಂಬಿರಲಿಲ್ಲ. ಖಾಲಿ ಚೀಲದ ಮೂಲೆಯಂತೆ ಮಡಚಿಕೊಂಡಿತ್ತು. ಅಂಥ ಕಾಲನ್ನು ಅವಳು ಹಚ್ಚೊಳ್ಳಿಯಲ್ಲಿ ತಿಂಗಳುಗಟ್ಟಲೆ ತೊಳೆದು ಕಟ್ಟಿದ್ದಳು. ಕೈ ತಾನಾಗಿಯೇ ಮುಂದೆ ಹೋಗಿ ಗಂಡನ ಬಾಯಿಗೆ ಅಡ್ಡ ನಿಂತಿತು.

"ಬ್ಯಾಡ್ರಿ ಬೀಗ್ರ. ಇವರಿಗೆ ಶುಗರ್ ಐತಿ. ಸೋಮವಾರ ಬಳ್ಳಾರಿಯಾಗ ಡಾಕ್ಟರಮ್ಮಗ ರಕ್ತ ಕೊಡೋದೈತಿ."

ಪಂಕ್ತಿಯಲ್ಲಿದ್ದ ಹಿರಿಯರೆಲ್ಲ ತುತ್ತು ಅಲ್ಲಲ್ಲೇ ನಿಲ್ಲಿಸಿದರು. ಚಿದಾನಂದಪ್ಪ ಭೂಮಿಯೊಳಗೆ ಇಳಿದುಹೋಗುವವನಂತೆ ತಲೆ ತಗ್ಗಿಸಿದ. ಮುಗಿಯಿತು, ಮಗಳ ಸಂಬಂಧವನ್ನು ನಾನೇ ಮುರಿದೆ ಎಂದುಕೊಂಡಳು ಸಾವಂತ್ರಮ್ಮ. ಆದರೂ ಕೈ ತೆಗೆಯಲಿಲ್ಲ.

ಉಜ್ಜಿನಪ್ಪ ಹೋ ಎಂದು ನಕ್ಕ. "ಇಷ್ಟನಾ? ನನಗ ಹತ್ತು ವರ್ಷ ಆತು." ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದ. "ಹಬ್ಬ ಇದ್ದಾಗ ನಾ ಒಂದರ ಜಾಗಕ್ಕ ಎರಡು ನುಂಗತೀನಿ, ಮ್ಯಾಲೆ ಏನು ಬೇಕಾದ್ರೂ ತಿಂತೀನಿ. ಹೆಂಡ್ರ ಮಾತು ಕೇಳಿದ್ರ ಬದುಕಾಕ ಆಗ್ತೈತೇನ್ರಿ? ತಗೋರಿ, ನಿಮಗೊಂದು."

ಒಂದು ಕೈಯಲ್ಲಿ ಹೋಳಿಗೆ, ಒಂದು ಕೈಯಲ್ಲಿ ಮಾತ್ರೆ. ಮಾತ್ರೆಯ ಹೆಸರು ಕೇಳಿದರೆ ಮಾನ ಹೋಗುತ್ತದೆ ಎನ್ನುತ್ತಿದ್ದ ಚಿದಾನಂದಪ್ಪನ ಮುಖ ಅರಳಿತು. ಬೀಗರು ಕೊಟ್ಟ ಮೇಲೆ ಅದು ಮಾತ್ರೆಯಲ್ಲ, ಮರ್ಯಾದೆ. ಯಾರ ರೋಗದ್ದೋ ಮಾತ್ರೆ, ಯಾವ ಡಾಕ್ಟರು ಬರೆದದ್ದೋ ಎಂದು ಕೇಳದೆ, ಹೆಂಡತಿಯ ಕೈಯನ್ನು ಮೆಲ್ಲಗೆ ಸರಿಸಿ ಎರಡಕ್ಕೂ ಮತ್ತೆ ಬಾಯಿ ತೆರೆದ. ಇಂಥ ಇಬ್ಬರನ್ನು ದೇವರು ಹುಡುಕಿ ಬೀಗರನ್ನಾಗಿ ಮಾಡಿದ್ದಾನೆ ಎನಿಸಿತು ಸಾವಂತ್ರಮ್ಮನಿಗೆ.

"ಬೀಗ್ರ, ನಿಮ್ಮ ಕಾಲಿಗೇನಾತ್ರಿ?" ಎಂದು ಕೇಳಿದಳು.

ಉಜ್ಜಿನಪ್ಪನ ನಗು ನಿಂತಿತು. "ಏನಿಲ್ಲ," ಎಂದ. "ಹ್ವಾದ ವರ್ಷ ಸಣ್ಣದೊಂದು ಮುಳ್ಳು ಚುಚ್ಚಿತ್ತು."

ಹಿಂದೆ ಸಾರಿನ ಪಾತ್ರೆ ಹಿಡಿದು ನಿಂತಿದ್ದ ಚನ್ನವೀರಮ್ಮ ಪಾತ್ರೆಯನ್ನು ಕೆಳಗಿಟ್ಟಳು. ಬಂದು ಗಂಡನ ಒಂದು ಕೈಯಿಂದ ಹೋಳಿಗೆ ಕಿತ್ತುಕೊಂಡಳು, ಇನ್ನೊಂದು ಕೈಯಿಂದ ಮಾತ್ರೆ ಕಿತ್ತುಕೊಂಡಳು. ಒಳಗೆ ಹೋಗಿ ಪಲ್ಯದ ಬೋಗುಣಿ ತಂದು ಇಬ್ಬರ ಎಲೆಗೂ ರಾಶಿ ಹಾಕಿದಳು. ಇಬ್ಬರು ದೊಡ್ಡ ಮನುಷ್ಯರು ಪೆಟ್ಟು ತಿಂದ ಹುಡುಗರಂತೆ ಮೆಂತ್ಯ ಪಲ್ಯ ನೋಡುತ್ತ ಕೂತರು.

ಆಮೇಲೆ ಅವಳು ಸಾವಂತ್ರಮ್ಮನ ಪಕ್ಕ ಕುಸಿದು ಕೂತಳು.

"ಸೋಮವಾರ ಬಳ್ಳಾರಿಗೆ ನಾವೂ ಬರ್ತೀವಿ ಯಕ್ಕಾ," ಎಂದಳು. "ಹತ್ತು ವರ್ಷ ನಾನ ಬಡಿಸೀನಿ. ಒಂದು ದಿನಾನೂ ಕೈ ಅಡ್ಡ ಇಡಲಿಲ್ಲ."

ಸಾವಂತ್ರಮ್ಮ ಅವಳ ಕೈ ಹಿಡಿದುಕೊಂಡಳು. ಆ ಕೈ ತುಂಬ ತುಪ್ಪವಿತ್ತು.