ನಾಲ್ಕನೇ ಲೈನಿನ ಮುಯ್ಯಿ

ಮುಂಬಯಿ ಹತ್ತಿರದ ಶಹಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಡಬ್ಬಿ ಕಾರ್ಖಾನೆಯಲ್ಲಿ ಮರಗಮ್ಮನಿಗೆ ಎರಡು ವಿಷಯಕ್ಕೆ ಹೆಮ್ಮೆಯಿತ್ತು. ಒಂದು, ಲೀಡರ್ ಅಂತ ಕಂಪನಿ ಕೊಟ್ಟಿದ್ದ ಕಿತ್ತಳೆ ಬಣ್ಣದ ಕೋಟು. ಅದರ ಐದು ಗುಂಡಿಗಳು ಎಷ್ಟು ಬಿಗಿಯೆಂದರೆ, ಹಾಕಿಕೊಳ್ಳುವಾಗ ದಿನಾ ಬೆಳಿಗ್ಗೆ ಒಂದು ಬೈಗುಳ ಖರ್ಚಾಗುತ್ತಿತ್ತು. ಇನ್ನೊಂದು, ಅವಳ ನಾಲ್ಕನೇ ಲೈನು. ಅವಳೂ ಸೇರಿ ಒಂಬತ್ತು ಹೆಂಗಸರು, ಎಲ್ಲರೂ ಕಲಬುರಗಿ, ರಾಯಚೂರು ಕಡೆಯ ಮನೆತನದವರು. ಪ್ಲಾಸ್ಟಿಕ್ ಟಿಫಿನ್ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ಹಚ್ಚಿ, ಬೆಲ್ಟಿನ ಮೇಲೆ ಬಿಡುವುದು ಅವರ ಕೆಲಸ. ಆರು ವರ್ಷದಲ್ಲಿ ಈ ಲೈನಿನಿಂದಾಗಿ ಒಂದು ಲಾರಿಯೂ ತಡವಾಗಿ ಹೊರಟಿದ್ದಿಲ್ಲ.

ಹೀಗೆ ನೆಟ್ಟಗೆ ನಡೆಯುತ್ತಿದ್ದುದನ್ನು ಸುಧಾರಿಸಬೇಕೆಂಬ ಚಪಲ ನವಿಮುಂಬಯಿಯ ಹೆಡ್ ಆಫೀಸಿಗೆ ಯಾಕೆ ಬಂತೋ ದೇವರೇ ಬಲ್ಲ. ಕಾರ್ಮಿಕರಿಗೆ ಕೆಲಸದಲ್ಲಿ ಮನಸ್ಸಿಲ್ಲ ಎಂದು ಅಲ್ಲಿ ಏಸಿಯಲ್ಲಿ ಕೂತ ಯಾರಿಗೋ ಹೊಳೆಯಿತು. ಮನಸ್ಸು ಬರಬೇಕಾದರೆ ಪ್ರತಿಯೊಬ್ಬರಿಗೂ ಸ್ವಂತದ್ದೊಂದು ಗುರಿ ಇರಬೇಕಂತೆ. ಒಂದು ತಿಂಗಳ ಹಿಂದೆ ಒಬ್ಬೊಬ್ಬರಿಗೂ ಅವರವರ ನಂಬರಿನ ಸ್ಟಿಕರ್ ರೋಲು ಕೊಟ್ಟರು. ತಾನು ಕಟ್ಟಿದ ಪೆಟ್ಟಿಗೆಗೆ ತನ್ನ ಸ್ಟಿಕರ್ ಹಚ್ಚಬೇಕು. ಬೆಲ್ಟಿನ ಕೊನೆಯ ಮಶೀನು ಅದನ್ನು ಓದುತ್ತದೆ, ಯಾರದು ಎಷ್ಟು ಎಂದು ಎಣಿಸುತ್ತದೆ.

ಮರಗಮ್ಮ ಅಂದು ಸ್ಟಿಕರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸುಲೋಚನಾಳ ಕೈ ನೋಡಿದಳು.

ಸುಲೋಚನಾ ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳು, ಐವತ್ತಮೂರು ದಾಟಿದವಳು, ಎಲ್ಲರಿಗೂ ಅಕ್ಕ. ಕಳೆದ ಮಳೆಗಾಲದಲ್ಲಿ ಚಿಕುನ್‌ಗುನ್ಯಾ ಬಂದು ಹೋದಮೇಲೆ ಅವಳ ಬೆರಳುಗಳು ಬಾಗುವುದನ್ನೇ ಮರೆತಿದ್ದವು. ಬೇರೆಯವರು ದಿನಕ್ಕೆ ನಾನೂರು ಪೆಟ್ಟಿಗೆ ಕಟ್ಟಿದರೆ ಅವಳದು ಇನ್ನೂರು ಮುಟ್ಟುವುದೇ ಕಷ್ಟ. ಗಂಡ ಇಲ್ಲ, ವಿಠ್ಠಲವಾಡಿಯ ಖೋಲಿಯಲ್ಲಿ ಅವಳೊಬ್ಬಳೇ, ಈ ಕೆಲಸ ಹೋದರೆ ಆ ಕೈಗೆ ಇನ್ನೊಂದು ಕೆಲಸ ಕೊಡುವವರು ಯಾರೂ ಇಲ್ಲ.

ಅದಕ್ಕೇ ನಾಲ್ಕನೇ ಲೈನಿನವರು ತಮಗೆ ಗೊತ್ತಿದ್ದ ಹಳೆಯ ರೀತಿಯನ್ನೇ ಹಿಡಿದರು. ಅವರ ಊರುಗಳಲ್ಲಿ ಕಳೆ ತೆಗೆಯುವಾಗ ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ನೀನೂ ಸೇರಿ ಎಲ್ಲರೂ ನನ್ನ ಹೊಲಕ್ಕೆ. ಕೂಲಿಯ ಮಾತೇ ಇಲ್ಲ, ಮುಯ್ಯಿಗೆ ಮುಯ್ಯಿ. ಕಾಂಚನಾಳ ಹೆರಿಗೆಯ ಹೊತ್ತಿನಲ್ಲಿ ಲೈನು ಅವಳ ಪಾಲಿನ ಕೆಲಸ ಹೊತ್ತಿತ್ತು. ಹೋದ ವರ್ಷ ಮರಗಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ, ಮೂರು ತಿಂಗಳು ಅವಳು ನಿಂತಂತೆ ಮಾಡಿದ್ದಳಷ್ಟೆ, ಪೆಟ್ಟಿಗೆ ಎತ್ತಿದ್ದು ಉಳಿದ ಎಂಟು ಮಂದಿ. ಈಗ ಸುಲೋಚನಾಳ ಸರದಿ. ಸ್ಟಿಕರು ಬಂದರೆ ಬರಲಿ, ಕೈ ಚುರುಕಾದವರು ತಮ್ಮ ಕೆಲವು ಪೆಟ್ಟಿಗೆಗೆ ಅಕ್ಕನ ಸ್ಟಿಕರ್ ಹಚ್ಚಿದರಾಯಿತು.

ತಪ್ಪು ಆದದ್ದು ಮರಗಮ್ಮನ ನ್ಯಾಯಬುದ್ಧಿಯಿಂದ. ಯಾರಿಗೂ ಹೆಚ್ಚು ಕಡಿಮೆ ಆಗಬಾರದೆಂದು ಅವಳು ಸಂಜೆ ಹೊತ್ತಿಗೆ ಸ್ಟಿಕರುಗಳನ್ನು ಹಬ್ಬದ ಹೋಳಿಗೆ ಹಂಚಿದಷ್ಟು ನಿಯತ್ತಿನಿಂದ ಸರಿಮಾಡುತ್ತಿದ್ದಳು. ತಿಂಗಳ ಕೊನೆಗೆ ಮಶೀನು ತೋರಿಸಿದ್ದೇನು? ಒಂಬತ್ತೂ ಮಂದಿಯದು ಒಂದೇ ಅಂಕಿ, ದಿನದಿನವೂ ಒಂದೇ ಅಂಕಿ. ಕಳ್ಳತನ ಬಲ್ಲವರಾಗಿದ್ದರೆ ನಾಲ್ಕಾರು ಅತ್ತಿತ್ತ ಮಾಡಿರುತ್ತಿದ್ದರು. ಇವರಿಗೆ ಅದು ಕಳ್ಳತನ ಅಂತಲೇ ಗೊತ್ತಿರಲಿಲ್ಲ.

ವಿಚಾರಿಸಲು ಹೆಡ್ ಆಫೀಸಿನಿಂದ ಮಾನಸಿ ಬಂದಳು. ಇಪ್ಪತ್ತಾರರ ಹುಡುಗಿ, ಎಚ್‌ಆರ್ ಮೇಡಂ. ನವಿಮುಂಬಯಿಯ ನೆರೂಳದಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಕುಂದಾಪುರ ಕಡೆಯಿಂದ ಬಂದು ಹೋಟೆಲ್ ಇಟ್ಟವರು. ಚಹಾದ ಹೊತ್ತಿಗೆ ಅವಳು ಮರಗಮ್ಮನ ಪಕ್ಕದಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತೇಬಿಟ್ಟಳು. ಅಷ್ಟಕ್ಕೇ ಮರಗಮ್ಮನಿಗೆ ಅವಳ ಮೇಲಿನ ಸಿಟ್ಟು ಅರ್ಧ ಇಳಿಯಿತು.

"ಮೌಶಿ, ಇದೆಂತದ್ದು? ಎಲ್ರದ್ದೂ ಸೇಮ್ ಹೇಗೆ ಬರ್ತದೆ? ನಂಗೆ ನೀವು ಸಚ್ ಸಚ್ ಹೇಳಿ."

ಮರಗಮ್ಮ ಹೇಳಿದಳು. ಹೊಲ, ಕಳೆ, ಮುಯ್ಯಿ, ಆಪರೇಷನ್ ಎಲ್ಲ ಹೇಳಿದಳು. ಅಕ್ಕನ ಹೆಸರೊಂದನ್ನು ಮಾತ್ರ ಬಿಟ್ಟಳು.

ಮಾನಸಿ ತನ್ನ ಟ್ಯಾಬು ತೆರೆದಳು. "ಒಳ್ಳೇದೇ ಮೌಶಿ. ಆದ್ರೆ ಸಿಸ್ಟಮ್‌ಗೆ ಮುಯ್ಯಿ ಅಂದ್ರೆ ಗೊತ್ತಾಗುದಿಲ್ಲ. ಅದಕ್ಕೆ ಒಬ್ಬೊಬ್ರ ಗೋಲ್ ಬೇಕು. ನಾನು ಉಪರ್ ಏನು ಹೇಳ್ಲಿ?"

"ನಮ್ಮದೂ ಒಂದು ಗುರಿ ಅದ ಮೇಡಂ. ಲಾರಿ ಟೈಮಿಗಿ ಹೋಗ್ಬೇಕು, ಒಂಬತ್ತು ಮಂದಿ ಮನಿಗಿ ಅನ್ನ ಹೋಗ್ಬೇಕು. ಅದನ್ನ ಬರಕೊಳ್ರಿ."

ಮಾನಸಿಯ ಟ್ಯಾಬಿನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಮರುದಿನ ಮ್ಯಾನೇಜರ್ ಅನಿಲಕುಮಾರ ಮರಗಮ್ಮನನ್ನು ಕ್ಯಾಬಿನ್ನಿಗೆ ಕರೆಸಿದ. ಆತ ಆಳಂದ ಕಡೆಯವನು. ಹದಿನೈದು ವರ್ಷದ ಹಿಂದೆ ಇದೇ ಗೇಟಿನಲ್ಲಿ ಲಾರಿಗೆ ಮಾಲು ತುಂಬುತ್ತಿದ್ದವನು, ಈಗ ಊರಿನವರ ಜೊತೆಯೂ ಹಿಂದಿಯಲ್ಲೇ ಮಾತಾಡುವವನು. ಆದರೆ ಅವತ್ತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕನ್ನಡದಲ್ಲೇ ಶುರುಮಾಡಿದ.

"ಕೂಡ್ರು ಮರಗಮ್ಮ. ನೀ ಭಾಳ ಛಲೋ ಕೆಲಸ ಮಾಡ್ತಿ. ನಿನ್ನ ಸೂಪರ್‌ವೈಜರ್ ಮಾಡ್ಬೇಕಂತ ಮಾಡೀನಿ. ಕುರ್ಚಿ ಇರ್ತದ, ಫ್ಯಾನ್ ಇರ್ತದ. ಲೈನಿನಾಗ ಹಿಂದ ಬಿದ್ದು ಕುಂಟ್ಲತ್ತಾಕಿ ಯಾರು, ಅಷ್ಟು ಹೇಳು ಸಾಕು."

"ಕುಂಟೋರು ಯಾರಿಲ್ಲರಿ."

"ಸೋಮವಾರದಿಂದ ಗೋಡಿಮ್ಯಾಲ ಬೋರ್ಡ್ ಬರ್ತದ. ಎಲ್ಲಾರ ಹೆಸರು, ಎಲ್ಲಾರ ಅಂಕಿ ಟೀವಿನಾಗ ಕಾಣ್ತದ. ವಾರದ ಕಡಿಗಿ ಯಾರ್ದು ಕಡಿಮಿ ಅದನೋ ಆಕಿ ಮನಿಗಿ. ಸ್ಟಿಕರ್ ಹಂಚೋ ಆಟ ನಡ್ಯಾಂಗಿಲ್ಲ. ಆಮ್ಯಾಲ ನನ್ನ ಅನಬ್ಯಾಡ."

"ಸಾಹೇಬ್ರ, ನಿಮ್ಮವ್ವ ಮುಯ್ಯಾಳಿಗಿ ಹೋಗಿಲ್ಲೇನ್ರಿ?"

ಅನಿಲಕುಮಾರನ ಮುಖ ಕೆಂಪಾಯಿತು. ಅವನ ತಾಯಿ ಹೋಗಿದ್ದಳು, ಅವನನ್ನು ಬದುವಿನ ಮೇಲೆ ಮಲಗಿಸಿ ಹೋಗಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು.

"ಹೊಲದ ಮಾತು ಹೊಲದಾಗ. ಇದು ಕಂಪನಿ," ಎಂದು ಒಂದು ಕಾರ್ಡು ಅವಳ ಮುಂದೆ ತಳ್ಳಿದ. ಮೇಲೆ 'ನನ್ನ ಗುರಿ, ನಾನೇ ಬರೆದದ್ದು' ಎಂದು ಮರಾಠಿಯಲ್ಲಿತ್ತು, ಕೆಳಗೆ ನಾನೂರ ಇಪ್ಪತ್ತು ಎಂದು ಮೊದಲೇ ಅಚ್ಚಾಗಿತ್ತು. ಸಹಿಗೆ ಮಾತ್ರ ಜಾಗ ಖಾಲಿ. ತಾನೇ ಬರೆದದ್ದು ಅಂತ ಬೇರೆಯವರು ಬರೆದುಕೊಟ್ಟ ಮೇಲೆ ಸಹಿ ಒಂದನ್ನು ಯಾಕೆ ಉಳಿಸಿದರೋ, ಅದನ್ನೂ ಅವರೇ ಮಾಡಬಹುದಿತ್ತು. ಮರಗಮ್ಮ ಕಾರ್ಡನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ಬಂದಳು.

ಶನಿವಾರ ಪಾಳಿ ಮುಗಿಸಿ ಒಂಬತ್ತು ಮಂದಿಯೂ ಕಲ್ಯಾಣದಲ್ಲಿ ಇಳಿದರು. ವಿಠ್ಠಲವಾಡಿಗೆ ಅಲ್ಲಿ ಗಾಡಿ ಬದಲಿಸಬೇಕು. ದಿನಾ ಓಡಿ ಹಿಡಿಯುವ ಗಾಡಿಯನ್ನು ಅವತ್ತು ಬಿಟ್ಟು, ಸ್ಟೇಷನ್ನಿನ ಮೇಲ್ಸೇತುವೆಯ ಒಂದು ಮೂಲೆಯಲ್ಲಿ ನಿಂತರು. ಜನ ಬೈಯುತ್ತಾ ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

"ನಾನೇ ಬಿಡ್ತೀನಿ ತಗೋ," ಎಂದಳು ಸುಲೋಚನಾ. "ನನ್ನ ಸಂಬಂಧ ನಿಮ್ಮ ಹೊಟ್ಟಿಮ್ಯಾಲ ಯಾಕ ಬರೆ? ಮಂದಿ ಮನ್ಯಾಗ ಭಾಂಡಿ ತಿಕ್ಕಲಿಕ್ಕಿ ಹೋಗ್ತೀನಿ."

"ಆ ಕೈಲೇ ಭಾಂಡಿ ತಿಕ್ತಿ?" ಮರಗಮ್ಮನಿಗೆ ಪಿತ್ತ ನೆತ್ತಿಗೇರಿತು. "ಅಕ್ಕ, ನಾ ಮೂರು ತಿಂಗಳು ಹೊಟ್ಟಿ ಹಿಡ್ಕೊಂಡು ನಿಂತಾಗ ನನ್ನ ಡಬ್ಬಿ ಯಾರು ತುಂಬಿದ್ರು? ನೀ ಅವತ್ತು ಹೀಂಗ ಅಂದಿದ್ದೇನು, ಮರಗಿ ಹೋಗ್ಲಿ ಅಂತ?"

ಸುಲೋಚನಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರಗಮ್ಮ ಜೇಬಿನಿಂದ ಕಾರ್ಡು ತೆಗೆದಳು. ಎರಡು ದಿನದಿಂದ ಅದು ಅವಳ ಎದೆಗೆ ಚುಚ್ಚುತ್ತಿತ್ತು, ಈಗ ಅದಕ್ಕೊಂದು ಉತ್ತರ ಹೊಳೆದಿತ್ತು.

"ಹಂಚಬ್ಯಾಡ ಅಂದಾರಲ್ಲ, ಹಂಚೂದು ಬ್ಯಾಡ. ಸೋಮವಾರ ಎಲ್ಲಾ ಪೆಟ್ಟಿಗಿಗೂ ಅಕ್ಕನ ಸ್ಟಿಕರೇ ಹಚ್ಚೂಣು. ಒಬ್ಬೊಬ್ಬರದೂ ಹೆಸರು ನೋಡಬೇಕಲ್ಲ ಅವರಿಗಿ? ಒಂದೇ ಹೆಸರು ನೋಡ್ಲಿ. ಕಡಿಮಿ ಇದ್ದೋರ್ನ ತೆಗೀಬೇಕು ಅಂದ್ರ ನಮ್ಮನ್ನ ಎಂಟೂ ಮಂದಿನ್ನ ತೆಗೀಲಿ."

ಕಾಂಚನಾ ಇಲ್ಲೇ ಹುಟ್ಟಿದವಳು, ಕನ್ನಡ ತಿಳಿದರೂ ಬಾಯಿಗೆ ಬರುವುದು ಹಿಂದಿ. "ಸಚ್ ಮೇ ನಿಕಾಲ್ ದಿಯಾ ತೋ, ಮೌಶಿ? ಮೇರಾ ಬಚ್ಚಾ ಛೋಟಾ ಹೈ."

ಕೆಲಸ ಹೋದರೆ ಆ ಎಳೆಗೂಸಿನ ಗತಿಯೇನೆಂದು ಮರಗಮ್ಮನಿಗೂ ಹೆದರಿಕೆಯಿತ್ತು, ಇಲ್ಲವೆನ್ನಲು ಅವಳೇನು ಕಲ್ಲಲ್ಲ. "ತೆಗದ್ರೂ ತೆಗೀಬಹುದು ಕಾಂಚನಾ. ನಿನಗ ಒಲ್ಲೆ ಅನಿಸಿದ್ರ ನಿನ್ನ ಸ್ಟಿಕರ್ ನೀ ಹಚ್ಚು. ಯಾರೂ ಏನೂ ಅನ್ನಂಗಿಲ್ಲ."

ಕಾಂಚನಾ ಹಳಿಗಳ ಕಡೆ ನೋಡುತ್ತಾ ನಿಂತಳು. ಕೆಳಗೆ ಇಳಿಯುವಷ್ಟರಲ್ಲಿ ಮುಂದಿನ ಗಾಡಿ ಬಂತು. ಹತ್ತುವಾಗ ಅವಳು ಸುಲೋಚನಾಳ ಕೈಚೀಲ ತಾನು ಹಿಡಿದುಕೊಂಡಳು.

ಸೋಮವಾರ ಏಳಕ್ಕೆ ಬೆಲ್ಲಾಗುವ ಮುಂಚೆ ಮರಗಮ್ಮ ಸ್ಟೋರಿಗೆ ಹೋದಳು. ಸ್ಟೋರಿನ ಮಾನಪ್ಪ ಕನ್ನಡಕದ ಮೇಲಿಂದ ನೋಡಿದ.

"ಒಬ್ಬಾಕಿಗಿ ನಾಕು ರೋಲಾ? ಸುಲೋಚನಾಬಾಯಿ ಏನು ಮನಿ ಗೋಡಿಗೂ ಹಚ್ಚತಾಳೇನು?"

"ಇವತ್ತ ಆಕಿಗಿ ಕೈ ಬಂದದ. ಕೊಡು."

ಗೋಡೆಯ ಮೇಲೆ ಹೊಸ ಟೀವಿ ನೇತಾಡುತ್ತಿತ್ತು. ಎಂಟು ಗಂಟೆಗೆ ಅದರಲ್ಲಿ ಸುಲೋಚನಾಳ ಮುಂದೆ ನಾನೂರ ಐವತ್ತು ಇತ್ತು, ಉಳಿದ ಎಂಟು ಹೆಸರಿನ ಮುಂದೆ ಸೊನ್ನೆ. ಕಾಂಚನಾಳ ಹೆಸರಿನ ಮುಂದೆಯೂ ಸೊನ್ನೆಯೇ. ಮರಗಮ್ಮ ತಲೆ ತಗ್ಗಿಸಿ ಟೇಪು ಹರಿದಳು. ಹತ್ತು ಗಂಟೆಗೆ ಸಾವಿರದ ಮುನ್ನೂರು ದಾಟಿತು. ಮೂರನೇ ಲೈನಿನವರು ಕೆಲಸ ಮಾಡುತ್ತಲೇ ಕತ್ತೆತ್ತಿ ನೋಡತೊಡಗಿದರು. ಯಾರೋ ನಕ್ಕರು, ನಗು ಒಂದನೇ ಲೈನಿನ ತನಕ ಹೋಯಿತು. ಸುಲೋಚನಾ ಮಾತ್ರ ಟೀವಿಗೆ ಬೆನ್ನು ಹಾಕಿ, ಬಾಗದ ಬೆರಳುಗಳಲ್ಲೇ ಒಂದೊಂದು ಡಬ್ಬಿ ಇಡುತ್ತಿದ್ದಳು.

ಊಟದ ಹೊತ್ತಿಗೆ ಅನಿಲಕುಮಾರ ಧಾವಿಸಿ ಬಂದ. ಹಿಂದೆ ಬೋರ್ಡು ನೋಡಲು ಬಂದಿದ್ದ ಮಾನಸಿ.

"ಕ್ಯಾ ನಾಟಕ್ ಹೈ ಯೇ?" ಎಂದವನು ಸಿಟ್ಟು ಏರಿದಂತೆ ಆಳಂದದ ಕನ್ನಡಕ್ಕೆ ಇಳಿದ. "ಏನು ಹಚ್ಚೀ ಮರಗಮ್ಮ? ಎಂಟೂ ಮಂದಿನ್ನ ಇವತ್ತೇ ಗೇಟಿನ ಹೊರಗ ಹಾಕ್ತೀನಿ."

ಮರಗಮ್ಮ ರೊಟ್ಟಿಯ ಗಂಟು ಕೆಳಗಿಟ್ಟು ಎದ್ದು ನಿಂತಳು. "ಹಾಕ್ರಿ ಸಾಹೇಬ್ರ. ಬೋರ್ಡ್ ನಿಮ್ಮದು, ನೇಮ ನಿಮ್ಮದು. ಉಳಿದ ಮಾಲು ಸುಲೋಚನಕ್ಕ ಒಬ್ಬಾಕೀನೇ ಕಟ್ತಾಳ. ಬೆಳಿಗ್ಗಿಂದ ಆಕೀನೇ ಕಟ್ಟ್ಯಾಳಂತ ನಿಮ್ಮ ಮಶೀನೇ ಹೇಳ್ಲತ್ತದ."

ಹೊರಗೆ ದೀಪಾವಳಿಯ ಮಾಲಿಗೆ ಮೂರು ಲಾರಿ ಕಾದು ನಿಂತಿದ್ದವು.

ಅದೇ ಹೊತ್ತಿಗೆ ಮಾನಸಿಯ ಫೋನು ರಿಂಗಾಯಿತು. ಹೆಡ್ ಆಫೀಸು. ಅಲ್ಲಿನ ಪರದೆಯಲ್ಲಿ ಎಲ್ಲ ಕಾರ್ಖಾನೆಗಳ ಮೊದಲ ಹೆಸರು ಮಾತ್ರ ಕಾಣುತ್ತಿತ್ತು, ಸೊನ್ನೆಗಳು ಕಾಣುತ್ತಿರಲಿಲ್ಲ. ಪೆಟ್ಟಿಗೆ ಕಟ್ಟುವುದೆಂದರೇನೆಂದು ಜನ್ಮದಲ್ಲಿ ಕಂಡಿರದ ದೊಡ್ಡ ಸಾಹೇಬರು ಖುಷಿಯಲ್ಲಿದ್ದರು. ಯಾರೀ ಸುಲೋಚನಾ? ಮೊದಲ ದಿನವೇ ಗುರಿಯ ನಾಲ್ಕೈದು ಪಟ್ಟು? ಇದಲ್ಲವೇ ಕೆಲಸದಲ್ಲಿ ಮನಸ್ಸಿಡುವುದೆಂದರೆ! ತಿಂಗಳ ತಾರೆ ಎಂದು ಇವತ್ತೇ ಅವಳ ಫೋಟೋ ಕಳಿಸಿ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

ಅನಿಲಕುಮಾರ ಕೈಸನ್ನೆ ಮಾಡಿದ. ಏನೆಂದು ಮಾಡಿದನೋ ಅವನಿಗೇ ತಿಳಿದಿರಲಿಕ್ಕಿಲ್ಲ. ನಿಜ ಹೇಳಿದರೆ, ಬೋರ್ಡು ಹಾಕಿದ ದಿನವೇ ಒಂಬತ್ತು ಹೆಂಗಸರು ಅದನ್ನು ಆಟದ ಸಾಮಾನು ಮಾಡಿದರೆಂದು ಒಪ್ಪಿಕೊಳ್ಳಬೇಕು. ಸುಳ್ಳು ಹೇಳಿದರೆ ಸುಲೋಚನಾಳನ್ನು ತಲೆಯ ಮೇಲೆ ಹೊರಬೇಕು. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಮಾನಸಿ ಮರಗಮ್ಮನ ಮುಖ ನೋಡಿದಳು, ಸುಲೋಚನಾಳ ಕೈ ನೋಡಿದಳು. ಯಾರ ಹೆಸರನ್ನು ಮರಗಮ್ಮ ಬಿಟ್ಟಿದ್ದಳೆಂದು ಅವಳಿಗೆ ಆಗ ತಿಳಿಯಿತು. ಫೋನಿಗೆ ಮೆಲ್ಲಗೆ ಹಿಂದಿಯಲ್ಲಿ ಹೇಳಿದಳು. ಹೌದು ಸರ್, ಬಹಳ ಹಳೆಯ ಕೆಲಸದವರು, ಇವರು ಇಲ್ಲದಿದ್ದರೆ ಈ ಲೈನು ನಡೆಯುವುದಿಲ್ಲ. ಫೋಟೋ ಕಳಿಸುತ್ತೇನೆ.

ಅನಿಲಕುಮಾರನಿಗೆ ಉಳಿದದ್ದು ಒಂದೇ ದಾರಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಹಂಗಾರ ಸ್ಟಾರ್ ಆದಾಕೀನೇ ಲೀಡರ್ ಆಗ್ಬೇಕು," ಎಂದ ಹಲ್ಲು ಕಚ್ಚಿ. "ಸೊನ್ನಿ ಇದ್ದೋರಿಗಿ ಲೀಡರ್ ಅನ್ನಂಗಿಲ್ಲ. ಕೋಟು ಬಿಚ್ಚು ಮರಗಮ್ಮ."

ಆರು ವರ್ಷದ ಕೋಟು. ಮರಗಮ್ಮ ಅದರ ತೋಳನ್ನು ಒಮ್ಮೆ ಸವರಿದಳು. ಐದು ಗುಂಡಿ ಬಿಚ್ಚಿದಳು, ಅವತ್ತು ಬೈಗುಳವಿಲ್ಲದೆ. ಸಹಿಯಿಲ್ಲದ ಕಾರ್ಡನ್ನು ಜೇಬಿನಿಂದ ತೆಗೆದು ಅನಿಲಕುಮಾರನ ಕೈಯಲ್ಲಿಟ್ಟಳು. ಕೋಟನ್ನು ತಾನೇ ಸುಲೋಚನಾಳಿಗೆ ತೊಡಿಸಿದಳು.

ಮಾನಸಿ ಫೋನು ಎತ್ತಿ ಹಿಡಿದಳು. ಸುಲೋಚನಾ ಮೊದಲ ಗುಂಡಿಗೆ ಕೈ ಹಾಕಿದಳು. ಬೆರಳು ಬಾಗಲಿಲ್ಲ. ಇನ್ನೊಮ್ಮೆ ಹಾಕಿದಳು, ಗುಂಡಿ ಜಾರಿತು. ನಾಲ್ಕೂ ಲೈನಿನವರು ನೋಡುತ್ತಿದ್ದರು, ಅನಿಲಕುಮಾರನೂ ನೋಡುತ್ತಿದ್ದ. ಲೈನಿನಲ್ಲಿ ಕುಂಟುವವಳು ಯಾರೆಂಬ ಅವನ ಪ್ರಶ್ನೆಗೆ ಉತ್ತರ ಈಗ ಅವನ ಕಣ್ಣೆದುರೇ ಕಿತ್ತಳೆ ಕೋಟು ತೊಟ್ಟು ನಿಂತಿತ್ತು, ಅದನ್ನು ಹೊರಗೆ ಹಾಕುವ ಶಕ್ತಿ ಮಾತ್ರ ಅವನಲ್ಲಿ ಉಳಿದಿರಲಿಲ್ಲ.

ಮರಗಮ್ಮ ಮುಂದೆ ಬಂದು ಎಲ್ಲರೆದುರಿಗೇ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಮೇಲಿನದು ಕಾಂಚನಾ ಹಾಕಿದಳು.

"ಲೀಡರ್ ಬಾಯಿ," ಎಂದಳು ಮರಗಮ್ಮ, ಅನಿಲಕುಮಾರನಿಗೆ ಕೇಳುವಂತೆ. "ಊಟದ ಟೈಮ್ ಮುಗೀತು. ಲೈನ್ ಚಾಲೂ ಮಾಡ್ಲೇನ್ರಿ?"

ಸುಲೋಚನಾ ಮೂಗು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮಾಡು ಎಂದಳು.